ಓದುಗರ ಪ್ರಶ್ನೆ: ಕೊಲೊರಾಡೊ ನದಿಯ ಕಮರಿಗಳಲ್ಲಿ ಸೈಕಲ್ ಸವಾರಿ

ಅಮೆರಿಕದ ಯೂಟಾ ರಾಜ್ಯದ ಆಗ್ನೇಯ ಭಾಗದಲ್ಲಿ, ಕೊಲೊರಾಡೊ ನದಿಯು ಕೆಂಪು ಮರಳುಗಲ್ಲಿನ ಪ್ರಸ್ಥಭೂಮಿಯನ್ನು ಸೀಳಿಕೊಂಡು ಹರಿಯುವಲ್ಲಿ, ಮೋವಾಬ್ ಎಂಬ ಊರಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಐದು ಸಾವಿರದ ಆಸುಪಾಸಿನಲ್ಲಿದೆ. ಮೌಂಟನ್ ಬೈಕ್ ಎಂದು ಕರೆಯುವ ಗುಡ್ಡಗಾಡಿನ ಸೈಕಲ್ಲುಗಳ ಸವಾರರಿಗೆ ಈ ಊರು ಸುಮಾರು ನಾಲ್ಕು ದಶಕಗಳಿಂದ ಯಾತ್ರಾಸ್ಥಳವಾಗಿದೆ. ಅಲ್ಲಿನ ದಾರಿಗಳ ಬಗ್ಗೆ ಕರ್ನಾಟಕದಿಂದಲೂ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೆ, ನನಗೆ 56 ವರ್ಷ. ಮಲೆನಾಡಿನ ಮಣ್ಣುದಾರಿಗಳಲ್ಲಿ ಸೈಕಲ್ ತುಳಿಯುವ ಅಭ್ಯಾಸವಿದೆ. ಸಾಲ್ಟ್ ಲೇಕ್ ಸಿಟಿಯಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಅಕ್ಟೋಬರ್‌ನಲ್ಲಿ ಹೋಗುವವನಿದ್ದೇನೆ. ಮೋವಾಬ್‌ಗೆ ಹೋದ ಮೊದಲ ದಿನವೇ ಸ್ಲಿಕ್‌ರಾಕ್ ಟ್ರೇಲ್‌ಗೆ ಕರೆದುಕೊಂಡು ಹೋಗುತ್ತೇವೆ ಎಂದು ಅವನ ಗೆಳೆಯರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದೆ? — ಓದುಗರು, ಶಿವಮೊಗ್ಗ

ಉತ್ತರ: ಹೋಗಿ, ಆದರೆ ಮೊದಲ ದಿನ ಬೇಡ. ಸ್ಲಿಕ್‌ರಾಕ್ ಜಾಡು ಮೋವಾಬ್‌ನ ಅತ್ಯಂತ ಪ್ರಸಿದ್ಧ ಜಾಡು ಎಂಬುದು ನಿಜ; ಹೊಸಬರಿಗೆ ಅದು ಅತ್ಯಂತ ಸೂಕ್ತವಾದ ಜಾಡು ಎಂಬ ಭಾವನೆ ಮಾತ್ರ ಆ ಪ್ರಸಿದ್ಧಿಯಿಂದ ಹುಟ್ಟಿದ ತಪ್ಪು ಕಲ್ಪನೆ. ಊರಿನ ಪೂರ್ವಕ್ಕಿರುವ ಸ್ಯಾಂಡ್ ಫ್ಲಾಟ್ಸ್ ಪ್ರದೇಶದಲ್ಲಿ 1969ರಲ್ಲಿ ಮೋಟಾರ್ ಸೈಕಲ್ ಸವಾರರಿಗಾಗಿ ಗುರುತಿಸಿದ ದಾರಿ ಇದು. ಉದ್ದ ಸುಮಾರು 17 ಕಿಲೋಮೀಟರ್ ಮಾತ್ರ. ಬೋಳು ಬಂಡೆಯ ಮೇಲೆ ಬಿಳಿ ಬಣ್ಣದ ಗೆರೆಗಳನ್ನು ಎಳೆದು ದಾರಿಯನ್ನು ತೋರಿಸಲಾಗಿದೆ. ಹದಿನೇಳು ಕಿಲೋಮೀಟರ್ ಎಂದರೆ ಮಲೆನಾಡಿನಲ್ಲಿ ನಿಮಗೆ ಬೆಳಗಿನ ತಿಂಡಿಗೆ ಮುಂಚಿನ ಸವಾರಿಯಾಗಬಹುದು, ಆದರೆ ಇಲ್ಲಿ ಮೂರರಿಂದ ನಾಲ್ಕು ಗಂಟೆ ಬೇಕಾಗುತ್ತದೆ. ಏಕೆಂದರೆ ದಾರಿಯಲ್ಲಿ ಸಮತಟ್ಟು ಎಂಬುದೇ ಇಲ್ಲ, ಒಂದು ಗುಮ್ಮಟದಂಥ ಬಂಡೆಯನ್ನು ಏರಿ, ಇಳಿದು, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದರ ಬುಡಕ್ಕೆ ಬಂದಿರುತ್ತೀರಿ.

ಇದು ನವಾಹೊ ಮರಳುಗಲ್ಲು. ಸುಮಾರು 19 ಕೋಟಿ ವರ್ಷಗಳ ಹಿಂದೆ ಮರಳುಗಾಡಿನ ದಿಬ್ಬಗಳಾಗಿದ್ದದ್ದು ಗಟ್ಟಿಯಾಗಿ ಕಲ್ಲಾದದ್ದರಿಂದ ಬಂಡೆಗಳ ಆಕಾರವೂ ದಿಬ್ಬಗಳಂತೆಯೇ ಇದೆ. ಒಣಗಿರುವಾಗ ಈ ಬಂಡೆಯ ಮೈ ಉಪ್ಪುಕಾಗದದ ಹಾಗೆ ಟಯರನ್ನು ಹಿಡಿಯುತ್ತದೆ. ಬೇರೆ ಕಡೆ ಕನಸಿನಲ್ಲೂ ಏರಲಾಗದ ಕಡಿದಾದ ಏರನ್ನು ಇಲ್ಲಿ ಏರಬಹುದು. ಅದೇ ಗುಣದಿಂದಾಗಿ ಬಿದ್ದರೆ ಅಂಗೈ, ಮೊಣಕೈ, ಮಂಡಿಗಳ ಚರ್ಮ ಸುಲಿದುಹೋಗುತ್ತದೆ. ಆದ್ದರಿಂದ ಪೂರ್ತಿ ಬೆರಳು ಮುಚ್ಚುವ ಕೈಗವಸು ಮತ್ತು ಮಂಡಿಗವಸು ಅಗತ್ಯ. ಏರಿನ ನಡುವೆ ಉಸಿರು ಕಟ್ಟಿ ನಿಂತಾಗ ಕಾಲೂರಲು ರಬ್ಬರ್ ಅಟ್ಟೆಯ ಬೂಟು ಬೇಕು. ಅಲ್ಲೊಂದು ಅಭ್ಯಾಸದ ಸುತ್ತು ಇದೆ, ಅದರ ಹೆಸರನ್ನು ನಂಬಿ ಹೋಗಬೇಡಿ. ಉದ್ದದಲ್ಲಿ ಮಾತ್ರ ಅದು ಚಿಕ್ಕದು, ಕಷ್ಟದಲ್ಲಿ ಮುಖ್ಯ ಜಾಡಿಗೆ ಏನೂ ಕಡಿಮೆಯಿಲ್ಲ.

ನಮ್ಮ ಸಲಹೆ ಹೀಗಿದೆ. ಸಾಲ್ಟ್ ಲೇಕ್ ಸಿಟಿಯಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ಪ್ರಯಾಣಿಸಿ ಬಂದ ದಿನ ಸಂಜೆ, ಊರಿನಿಂದ ನದಿಯ ಸೇತುವೆಯನ್ನು ದಾಟಿ ಉತ್ತರಕ್ಕೆ ಆರ್ಚಸ್ ರಾಷ್ಟ್ರೀಯ ಉದ್ಯಾನದ ಕಡೆಗೆ ಹೋಗುವ ಡಾಂಬರಿನ ಸೈಕಲ್ ದಾರಿಯಲ್ಲಿ ಒಂದಷ್ಟು ದೂರ ಹೋಗಿ ಬನ್ನಿ. ಬಾಡಿಗೆ ಸೈಕಲ್ಲಿನ ಬ್ರೇಕ್ ಮತ್ತು ಗೇರುಗಳಿಗೆ ಕೈ ಪಳಗುತ್ತದೆ. ಮರುದಿನ ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಉದ್ಯಾನದ ಇಂಟ್ರೆಪಿಡ್ ಜಾಡುಗಳಿಗೆ ಹೋಗಿ. ಬೇರೆ ಬೇರೆ ಉದ್ದದ ಸುತ್ತುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಆಯಾಸವಾದಾಗ ಬೇಗ ಮರಳಬಹುದು. ನದಿಯಿಂದ ಸುಮಾರು 600 ಮೀಟರ್ ಎತ್ತರದ ಅಂಚಿನಲ್ಲಿ ಜಾಡು ಸಾಗುವುದರಿಂದ, ಕೊಲೊರಾಡೊ ಕೊರೆದಿರುವ ಕಮರಿಯು ಎಷ್ಟು ಆಳವಾದದ್ದು, ಎಷ್ಟು ಪದರಗಳದ್ದು ಎಂಬುದು ಇಲ್ಲಿಂದ ಕಾಣುವಷ್ಟು ಸ್ಪಷ್ಟವಾಗಿ ಸ್ಲಿಕ್‌ರಾಕ್‌ನಿಂದಲೂ ಕಾಣುವುದಿಲ್ಲ. ಮೂರನೆಯ ದಿನಕ್ಕೆ ನವಾಹೊ ರಾಕ್ಸ್ ಜಾಡುಗಳಲ್ಲಿ ಬಂಡೆಯ ಮೇಲಿನ ಸವಾರಿಯನ್ನು ರೂಢಿಸಿಕೊಂಡರೆ, ಆಮೇಲೆ ಸ್ಲಿಕ್‌ರಾಕ್‌ಗೆ ಹೋಗುವುದು ಹುಡುಗಾಟವೆನಿಸುವುದಿಲ್ಲ. ಅಲ್ಲಿಯೂ ಏರಲಾಗದ ಕಡೆ ಇಳಿದು ತಳ್ಳುವುದಕ್ಕೆ ನಾಚಿಕೆಪಡಬೇಕಾಗಿಲ್ಲ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ತಳ್ಳುತ್ತಾರೆ, ವಿಡಿಯೊಗಳಲ್ಲಿ ಆ ಭಾಗವನ್ನು ಯಾರೂ ತೋರಿಸುವುದಿಲ್ಲ ಅಷ್ಟೆ.

ಅಕ್ಟೋಬರ್ ಒಳ್ಳೆಯ ಆಯ್ಕೆ. ಹಗಲಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ದಾಟಿದರೂ ಬೆಳಗಿನ ಜಾವ ಐದಾರು ಡಿಗ್ರಿಗೆ ಇಳಿಯುತ್ತದೆಯಾದ್ದರಿಂದ ಒಂದರ ಮೇಲೊಂದು ತೊಟ್ಟು ಬೇಕಾದಾಗ ತೆಗೆಯಬಹುದಾದ ಬಟ್ಟೆಗಳಿರಲಿ.

ಪ್ರಶ್ನೆ: ನಾವು ಆಸ್ಟಿನ್‌ನಲ್ಲಿರುವ ಆರು ಮಂದಿ ಕನ್ನಡಿಗರು. ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ವೈಟ್ ರಿಮ್ ರಸ್ತೆಯನ್ನು ಮೂರು ದಿನಗಳಲ್ಲಿ ಸೈಕಲ್ಲಿನಲ್ಲಿ ಸುತ್ತಬೇಕೆಂದಿದ್ದೇವೆ. ಎಲ್ಲರೂ ದಿನಕ್ಕೆ 60 ಕಿಲೋಮೀಟರ್ ಆರಾಮವಾಗಿ ತುಳಿಯುತ್ತೇವೆ. ಸಿದ್ಧತೆ ಹೇಗಿರಬೇಕು? — ಓದುಗರು, ಟೆಕ್ಸಸ್

ಉತ್ತರ: ಕಾಲಿನ ಬಲದ ಲೆಕ್ಕವನ್ನು ನೀವು ಆಗಲೇ ಮಾಡಿದ್ದೀರಿ, ಆದರೆ ಈ ರಸ್ತೆಯಲ್ಲಿ ಸೋಲು ಗೆಲುವುಗಳು ಕಾಲಿನಿಂದ ನಿರ್ಧಾರವಾಗುವುದಿಲ್ಲ, ನೀರಿನಿಂದ ನಿರ್ಧಾರವಾಗುತ್ತವೆ. ಸುಮಾರು 160 ಕಿಲೋಮೀಟರ್ ಸುತ್ತಿನ ಈ ಮಣ್ಣು ರಸ್ತೆಯು ಮೇಲಿನ ಪ್ರಸ್ಥಭೂಮಿಗಿಂತ ಸುಮಾರು 370 ಮೀಟರ್ ಕೆಳಗೆ, ಎರಡು ನದಿಗಳಿಗಿಂತ ಸುಮಾರು 300 ಮೀಟರ್ ಮೇಲೆ, ಒಂದು ಬಂಡೆಯ ಜಗಲಿಯ ಮೇಲೆ ಸಾಗುತ್ತದೆ. ಪೂರ್ವಕ್ಕೆ ಕೊಲೊರಾಡೊ, ಪಶ್ಚಿಮಕ್ಕೆ ಗ್ರೀನ್ ನದಿ. ಕೊಲೊರಾಡೊ ನದಿಯ ಕಣಿವೆ ದಿನವೆಲ್ಲ ಕಣ್ಣೆದುರಿಗಿದ್ದರೂ ನೀರು ಕೈಗೆ ಸಿಗುವುದಿಲ್ಲ; ಗ್ರೀನ್ ನದಿಯ ಬದಿಯ ಕೆಲವೇ ಕಡೆ ರಸ್ತೆಯು ದಡಕ್ಕೆ ಇಳಿಯುತ್ತದೆ, ಅಲ್ಲಿಯ ನೀರಿನಲ್ಲಿ ಹೂಳು ಎಷ್ಟಿರುತ್ತದೆಯೆಂದರೆ ಪಾತ್ರೆಯಲ್ಲಿ ತಿಳಿಯಾಗಲು ಬಿಡದೆ ಸೋಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಡೀ ಸುತ್ತಿನಲ್ಲಿ ಕುಡಿಯುವ ನೀರಿನ ನಲ್ಲಿ ಒಂದೂ ಇಲ್ಲ.

ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ನೀರು ಬೇಕೆಂದು ಉದ್ಯಾನದವರು ಹೇಳುತ್ತಾರೆ. ಆರು ಮಂದಿಗೆ ಮೂರು ದಿನಕ್ಕೆ 72 ಲೀಟರ್ ಆಯಿತು. ದಿನವಿಡೀ ಪೆಡಲ್ ತುಳಿಯುವವರಿಗೆ ಅದು ಸಾಲದು. ಅಡುಗೆಯನ್ನೂ ಸೇರಿಸಿ ತಲೆಗೆ ದಿನಕ್ಕೆ ಆರು ಲೀಟರ್ ಹಿಡಿದರೆ 108 ಲೀಟರ್ ಆಗುತ್ತದೆ. ಅಷ್ಟು ಭಾರವನ್ನು ಸೈಕಲ್ಲಿನಲ್ಲಿ ಹೊರಲಾಗುವುದಿಲ್ಲವಾದ್ದರಿಂದಲೇ ಹೆಚ್ಚಿನ ತಂಡಗಳು ಫೋರ್ ವೀಲ್ ಡ್ರೈವ್ ವಾಹನವೊಂದನ್ನು ಜೊತೆಗೆ ತರುತ್ತವೆ. ನಿಮ್ಮಲ್ಲಿ ಒಬ್ಬರು ಸರದಿಯಂತೆ ಅದನ್ನು ಓಡಿಸಬೇಕಾಗುತ್ತದೆ. ಸರದಿಯನ್ನು ಮನೆಯಲ್ಲಿಯೇ ತೀರ್ಮಾನಿಸಿಕೊಂಡು ಹೊರಡಿ. ಮರ್ಫಿ ಹಾಗ್‌ಬ್ಯಾಕ್ ಮತ್ತು ಹಾರ್ಡ್‌ಸ್ಕ್ರ್ಯಾಬಲ್ ಎಂಬ ಎರಡು ಏರುಗಳ ಬುಡಕ್ಕೆ ಬಂದಾಗ ಎಲ್ಲರಿಗೂ ವಾಹನ ಓಡಿಸುವ ಉತ್ಸಾಹ ಬರುತ್ತದೆ. ವಾಹನದ ಚಾಲಕರಿಗೂ ಆ ಏರುಗಳು ಸುಲಭವಲ್ಲ, ಲೋ ಗೇರಿನ ಅನುಭವವಿಲ್ಲದವರು ಅಲ್ಲಿ ಸ್ಟಿಯರಿಂಗ್ ಹಿಡಿಯಬಾರದು.

ರಾತ್ರಿ ತಂಗುವುದಕ್ಕೂ, ಒಂದೇ ದಿನದಲ್ಲಿ ಸುತ್ತಿ ಬರುವುದಕ್ಕೂ ಪರವಾನಗಿ ಬೇಕು. ಗೂಸ್‌ಬೆರಿ, ವೈಟ್ ಕ್ರ್ಯಾಕ್, ಮರ್ಫಿ, ಕ್ಯಾಂಡಲ್‌ಸ್ಟಿಕ್, ಪೊಟ್ಯಾಟೊ ಬಾಟಮ್ ಮೊದಲಾದ ನಿಗದಿತ ತಾಣಗಳಲ್ಲಿ ಮಾತ್ರ ಡೇರೆ ಹಾಕಬಹುದು. ವಸಂತ ಮತ್ತು ಶರತ್ಕಾಲದ ತಾಣಗಳು ಕಾಯ್ದಿರಿಸಲು ತೆರೆದ ಸ್ವಲ್ಪ ಹೊತ್ತಿನಲ್ಲೇ ಮುಗಿದುಹೋಗುವುದರಿಂದ ತಿಂಗಳುಗಳ ಮುಂಚೆಯೇ ದಿನಾಂಕವನ್ನು ಗೊತ್ತುಮಾಡಿಕೊಳ್ಳಿ. ನಾಯಿಯನ್ನು ವಾಹನದೊಳಗೂ ಕರೆದೊಯ್ಯುವಂತಿಲ್ಲ. ಕಟ್ಟಿಗೆಯ ಬೆಂಕಿ ಹಾಕುವಂತಿಲ್ಲ, ಗ್ಯಾಸ್ ಒಲೆಯೇ ಗತಿ. ಊಟದ ವಿಷಯದಲ್ಲಿ ಒಂದು ಮಾತು: ಅನ್ನ ಸಾರು ಮಾಡಿ ಪಾತ್ರೆ ತೊಳೆಯುವ ನೀರಿನ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಮನೆಯಲ್ಲೇ ಗೊಜ್ಜು ಬೆರೆಸಿ ಒಣಗಿಸಿದ ಅವಲಕ್ಕಿ, ಚಪಾತಿ, ಚಟ್ನಿಪುಡಿ, ಹುರಿಗಡಲೆ ಇವು ಪೇಟೆಯ ದುಬಾರಿ ಸಿದ್ಧ ಆಹಾರಗಳಿಗಿಂತ ಈ ದಾರಿಗೆ ಹೆಚ್ಚು ಹೊಂದುತ್ತವೆ.

ಇನ್ನು ಮಳೆ. ಮೇಲಿನಿಂದ ಈ ಜಗಲಿಗೆ ಇಳಿಯುವ ಶೇಫರ್ ರಸ್ತೆಯ ಹೇರ್‌ಪಿನ್ ತಿರುವುಗಳೂ, ಕೊನೆಯಲ್ಲಿ ಮಿನರಲ್ ಬಾಟಮ್‌ನಿಂದ ಮೇಲಕ್ಕೇರುವ ತಿರುವುಗಳೂ ಜೇಡಿಮಣ್ಣಿನ ಪದರಗಳನ್ನು ಹಾದುಹೋಗುತ್ತವೆ. ಚಿನ್ಲಿ ಎಂಬ ಆ ಪದರದ ಜೇಡಿಯಲ್ಲಿರುವುದು ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿರುವ, ನೀರು ಕುಡಿದು ಉಬ್ಬುವ ಗುಂಪಿನ ಖನಿಜವೇ. ಆದ್ದರಿಂದ ಒಂದು ಒಳ್ಳೆಯ ಮಳೆಯಾದ ಮೇಲೆ ಚಕ್ರ ಮತ್ತು ಫ್ರೇಮಿನ ನಡುವೆ ಮಣ್ಣು ತುಂಬಿಕೊಂಡು ಸೈಕಲ್ಲು ಕದಲದೆ ನಿಲ್ಲುತ್ತದೆ, ವಾಹನವೂ ಜಾರುತ್ತದೆ. ಆಗ ಒಣಗುವವರೆಗೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಕಾಯಲು ಒಂದು ದಿನದ ಹೆಚ್ಚುವರಿ ನೀರೂ ಆಹಾರವೂ ವಾಹನದಲ್ಲಿರಬೇಕೆಂಬುದು ಇದೇ ಕಾರಣಕ್ಕೆ. ಮೇ–ಜೂನ್‌ನಲ್ಲಿ ಹಿಮ ಕರಗಿ ಗ್ರೀನ್ ನದಿ ತುಂಬಿದರೆ ಕೆಲವು ವರ್ಷ ದಡದ ಭಾಗದ ರಸ್ತೆ ಮುಳುಗಿ ಸುತ್ತು ಪೂರ್ಣವಾಗುವುದಿಲ್ಲ. ಹೊರಡುವ ಹಿಂದಿನ ದಿನ ಉದ್ಯಾನದ ಕಚೇರಿಯಲ್ಲಿ ವಿಚಾರಿಸಿ.

ಮೂರು ದಿನ ಎಂಬ ನಿಮ್ಮ ನಿರ್ಧಾರ ಸರಿಯಾಗಿದೆ. ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ, ಅವರಿಗೆ ಮುಂದಿನ ಚಕ್ರವನ್ನು ಬಿಟ್ಟು ಬೇರೇನೂ ಕಾಣುವುದಿಲ್ಲವೆಂದು ನಮ್ಮ ಗುಮಾನಿ.

ಪ್ರಶ್ನೆ: ಮನುಷ್ಯರೇ ವಾಸಿಸದ ಇಂಥ ಕಮರಿಗಳ ಒಳಗೆ ಇಷ್ಟೊಂದು ರಸ್ತೆಗಳನ್ನು ಯಾರು, ಏಕೆ ಮಾಡಿದರು? ಪ್ರವಾಸೋದ್ಯಮಕ್ಕಾಗಿಯೆ? — ಓದುಗರು, ಹುಬ್ಬಳ್ಳಿ

ಉತ್ತರ: ಪ್ರವಾಸೋದ್ಯಮ ಬಂದದ್ದು ಬಹಳ ತಡವಾಗಿ. ಮೊದಲು ಬಂದದ್ದು ದನಗಾಹಿಗಳು. ಶೇಫರ್ ಇಳುಕಲು ಮೂಲತಃ ಜಾನುವಾರುಗಳನ್ನು ಕೆಳಗಿನ ಮೇವಿಗೆ ಹೊಡೆದುಕೊಂಡು ಹೋಗುವ ಹಾದಿಯಾಗಿತ್ತು. ಅದನ್ನು ಲಾರಿ ಹೋಗುವ ರಸ್ತೆಯಾಗಿಸಿದ್ದು ಯುರೇನಿಯಂ. ಎರಡನೆಯ ಮಹಾಯುದ್ಧದ ನಂತರ ಅಣ್ವಸ್ತ್ರಗಳಿಗೆ ಬೇಕಾದ ಯುರೇನಿಯಂ ಅನ್ನು ಸ್ವದೇಶದಲ್ಲಿಯೇ ಹುಡುಕಿಸಲು ಅಮೆರಿಕದ ಪರಮಾಣು ಶಕ್ತಿ ಆಯೋಗವು ಅದಿರಿಗೆ ಖಾತ್ರಿ ಬೆಲೆಯನ್ನು ಘೋಷಿಸಿತು. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿಗೆ ಮೋವಾಬ್‌ನ ದಕ್ಷಿಣದಲ್ಲಿ ಸಮೃದ್ಧ ನಿಕ್ಷೇಪ ಸಿಕ್ಕಿತು, ಆ ಗಣಿಗೆ ಆತ ಮಿ ವಿಡಾ ಎಂದು ಹೆಸರಿಟ್ಟ. ಅಲ್ಲಿಂದಾಚೆಗೆ ಗೈಗರ್ ಮಾಪಕ ಹಿಡಿದವರ ದಂಡೇ ಹರಿದುಬಂತು; ಹತ್ತು ವರ್ಷದೊಳಗೆ ಊರಿನ ಜನಸಂಖ್ಯೆ ಸಾವಿರದ ಚಿಲ್ಲರೆಯಿಂದ ಐದು ಸಾವಿರದ ಹತ್ತಿರಕ್ಕೆ ಏರಿತು. ಯುರೇನಿಯಂ ಹೆಚ್ಚಾಗಿ ಸಿಗುತ್ತಿದ್ದದ್ದು ಹಿಂದಿನ ಉತ್ತರದಲ್ಲಿ ಹೇಳಿದ ಚಿನ್ಲಿ ಪದರದಲ್ಲಿ. ಆ ಪದರವು ಎಲ್ಲೆಲ್ಲಿ ಹೊರಗೆ ಕಾಣುತ್ತದೆಯೋ ಅಲ್ಲಿಗೆ ತಲುಪಲು ಬುಲ್ಡೋಜರುಗಳು ದಾರಿ ಕಡಿದವು. ಆಗ್ನೇಯ ಯೂಟಾದಲ್ಲಿ ಆಯೋಗದ ನೆರವಿನಿಂದ ಆದ ರಸ್ತೆಗಳ ಒಟ್ಟು ಉದ್ದ ಸುಮಾರು 1,600 ಕಿಲೋಮೀಟರ್. ವೈಟ್ ರಿಮ್ ರಸ್ತೆ ಅವುಗಳಲ್ಲೊಂದು. ವಿಚಿತ್ರವೆಂದರೆ, ಈಗ ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನವಾಗಿರುವ ಭಾಗದಲ್ಲಿ ಸಿಕ್ಕ ಯುರೇನಿಯಂ ಅತ್ಯಲ್ಪ, ಉಳಿದದ್ದು ರಸ್ತೆಗಳು. ಆ ರಸ್ತೆಗಳಿಂದ ಒಳನಾಡನ್ನು ಕಂಡವರ ಒತ್ತಾಯವೂ ಸೇರಿ 1964ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

1980ರ ದಶಕದ ಆರಂಭದಲ್ಲಿ ಯುರೇನಿಯಂ ಬೇಡಿಕೆ ಕುಸಿಯಿತು, ಊರಿನ ಅಂಚಿನಲ್ಲಿದ್ದ ಸಂಸ್ಕರಣಾ ಕಾರ್ಖಾನೆ 1984ರಲ್ಲಿ ಮುಚ್ಚಿತು, ಕೆಲಸವಿಲ್ಲದ ಜನ ಮನೆ ಮಾರಿ ಹೊರಟರು. ಅದೇ ಹೊತ್ತಿಗೆ ದಪ್ಪ ಟಯರಿನ ಹೊಸ ಬಗೆಯ ಸೈಕಲ್ಲುಗಳು ಮಾರುಕಟ್ಟೆಗೆ ಬಂದಿದ್ದವು. ಗಣಿಯ ರಸ್ತೆಗಳೂ ಮೋಟಾರ್ ಸೈಕಲ್ಲಿನವರ ಸ್ಲಿಕ್‌ರಾಕ್ ಜಾಡೂ ಸಿದ್ಧವಾಗಿಯೇ ಇದ್ದವು. ಗಣಿಯು ಬಿಟ್ಟುಹೋದದ್ದು ರಸ್ತೆಗಳನ್ನಷ್ಟೇ ಅಲ್ಲ ಎಂಬುದನ್ನೂ ಹೇಳಬೇಕು: ಕಾರ್ಖಾನೆಯ ವಿಕಿರಣಶೀಲ ತ್ಯಾಜ್ಯ ಸುಮಾರು 1.6 ಕೋಟಿ ಟನ್ ಕೊಲೊರಾಡೊ ನದಿಯ ದಂಡೆಯ ಮೇಲೆಯೇ ರಾಶಿ ಬಿದ್ದಿತ್ತು. ಅದನ್ನು ರೈಲಿನಲ್ಲಿ ಸುಮಾರು 50 ಕಿಲೋಮೀಟರ್ ಉತ್ತರದ ಕ್ರೆಸೆಂಟ್ ಜಂಕ್ಷನ್‌ಗೆ ಸಾಗಿಸುವ ಕೆಲಸ 2009ರಲ್ಲಿ ಶುರುವಾಯಿತು. ಶಿವಮೊಗ್ಗದ ಓದುಗರಿಗೆ ಮೊದಲ ಸಂಜೆಗೆಂದು ಸೂಚಿಸಿದ ಸೈಕಲ್ ದಾರಿ ಈ ನಿವೇಶನದ ಪಕ್ಕದಲ್ಲೇ ಹೋಗುತ್ತದೆ.

ಪ್ರಶ್ನೆ: ಹೋಲ್ ಎಂಚಿಲಾಡ ಎಂಬ ಜಾಡಿನ ವಿಡಿಯೊಗಳನ್ನು ನೋಡಿದ್ದೇನೆ. ಬೆಂಗಳೂರಿನ ಸುತ್ತಮುತ್ತಲಿನ ಗುಡ್ಡಗಳಲ್ಲಿ ಎರಡು ವರ್ಷದಿಂದ ಸವಾರಿ ಮಾಡುತ್ತಿದ್ದೇನೆ. ಪೂರ್ತಿ ಇಳಿಜಾರೇ ಆದ್ದರಿಂದ ಇದು ಸುಲಭವಲ್ಲವೆ? — ಓದುಗರು, ಬೆಂಗಳೂರು

ಉತ್ತರ: ಪೂರ್ತಿ ಇಳಿಜಾರು ಎಂಬುದೂ ಸರಿಯಲ್ಲ, ಇಳಿಜಾರು ಸುಲಭ ಎಂಬುದೂ ಸರಿಯಲ್ಲ. ಲಾ ಸಾಲ್ ಪರ್ವತದ ಬರ್ರೊ ಪಾಸ್‌ನಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ ಶುರುವಾಗುವ ಈ ಜಾಡುಗಳ ಸರಣಿ ಸುಮಾರು 1,200 ಮೀಟರ್ ಎತ್ತರದಲ್ಲಿರುವ ಕೊಲೊರಾಡೊ ನದಿಯ ದಂಡೆಯಲ್ಲಿ ಮುಗಿಯುತ್ತದೆ. ಇಳಿಯುವ ಆಳವು ಸಮುದ್ರಮಟ್ಟದಿಂದ ಮುಳ್ಳಯ್ಯನಗಿರಿಯ ನೆತ್ತಿಗಿರುವ ಎತ್ತರಕ್ಕಿಂತಲೂ ಹೆಚ್ಚು. ಶಟಲ್ ವಾಹನ ಬೆಳಗ್ಗೆ ಮೇಲೆ ಬಿಟ್ಟುಬಿಡುತ್ತದೆ. ಅಲ್ಲಿಂದ ಬರ್ರೊ ಪಾಸ್‌ನ ನೆತ್ತಿಗೆ ಮೊದಲು ಏರಲೇಬೇಕು, ಆ ಎತ್ತರದ ತೆಳುಗಾಳಿಯಲ್ಲಿ ಬೆಂಗಳೂರಿನ ಶ್ವಾಸಕೋಶ ಒದ್ದಾಡುತ್ತದೆ. ಆಮೇಲೆ ಆಸ್ಪೆನ್ ಮರಗಳ ಕಾಡು, ಹುಲ್ಲುಗಾವಲು, ಕುರುಚಲು, ಕೊನೆಗೆ ಬೋಳು ಬಂಡೆ ಎಂದು ಒಂದೇ ದಿನದಲ್ಲಿ ಹವೆ ಬದಲಾಗುತ್ತ ಹೋಗುತ್ತದೆ. ಮೇಲೆ ನಡುಗಿಸುವ ಚಳಿಯಿದ್ದರೂ ಕೆಳಗೆ ಬಿಸಿಲು ಸುಡುತ್ತಿರುತ್ತದೆ. ಬರ್ರೊ ಪಾಸ್ ಹಿಮದಿಂದ ಬಿಡುಗಡೆಯಾಗುವುದು ಸಾಮಾನ್ಯವಾಗಿ ಜೂನ್ ಕೊನೆಗೆ ಅಥವಾ ಜುಲೈಗೆ. ಆಗ ತಳದಲ್ಲಿ 38 ಡಿಗ್ರಿ ದಾಟಿರುತ್ತದೆ ಮತ್ತು ಮಧ್ಯಾಹ್ನ ಪರ್ವತದ ಮೇಲೆ ಗುಡುಗು ಸಿಡಿಲಿನ ಭಯವಿರುತ್ತದೆ. ಆದ್ದರಿಂದ ಪೂರ್ತಿ ಜಾಡಿಗೆ ಸೆಪ್ಟೆಂಬರ್ ತಿಂಗಳೇ ಒಳ್ಳೆಯದು.

ಕಷ್ಟದ ಭಾಗ ಕೊನೆಯದು, ಪೋರ್ಕ್ಯುಪೈನ್ ರಿಮ್. ಈ ಭಾಗದ ದಾರಿ ಬಹುಮಟ್ಟಿಗೆ ಕಯೆಂಟ ಎಂಬ ಪದರದ ಮೇಲಿದೆ. ನವಾಹೊ ಬಂಡೆಯ ಹಾಗೆ ನುಣುಪಾದ ಗುಮ್ಮಟವಲ್ಲ ಇದು. ಒಂದರ ಕೆಳಗೊಂದು ಹಲಗೆಯಂತೆ ಒಡೆಯುವ ಕಲ್ಲು. ಹೀಗಾಗಿ ಗಂಟೆಗಟ್ಟಲೆ ಮೊಣಕಾಲೆತ್ತರದ ಮೆಟ್ಟಿಲುಗಳನ್ನು ಧುಮುಕುತ್ತ ಸಾಗಬೇಕು, ಕೈ ಬೆರಳುಗಳು ಬ್ರೇಕ್ ಹಿಡಿದು ಹಿಡಿದು ಮರಗಟ್ಟುತ್ತವೆ. ಕಯೆಂಟದ ಕೆಳಗಿರುವುದು ವಿಂಗೇಟ್ ಮರಳುಗಲ್ಲು, ಅದು ಲಂಬವಾದ ಗೋಡೆಯಾಗಿ ಒಡೆಯುತ್ತದೆ. ಮೆಟ್ಟಿಲುಗಳ ಪದರ ಮುಗಿದಲ್ಲಿ ಪ್ರಪಾತ ಶುರುವಾಗುತ್ತದೆ ಎಂದು ಇದರರ್ಥ. ದಿನವಿಡೀ ದಣಿದ ಮೇಲೆ, ನದಿಯ ಮೇಲಿನ ಕಡಿದಾದ ಅಂಚಿನ ಕಿರುದಾರಿ ಎದುರಾಗುವುದು ಈ ಸರಣಿಯ ಕ್ರೂರ ಗುಣ. ಅಲ್ಲಿ ಸೈಕಲ್ಲಿನಿಂದ ಇಳಿದು, ಸೈಕಲ್ಲನ್ನು ಪ್ರಪಾತದ ಬದಿಗೆ ಇಟ್ಟುಕೊಂಡು ನಡೆಯಿರಿ. ನದಿಯ ಆಚೆ ದಂಡೆಯಲ್ಲಿರುವ ಪೋರ್ಟಲ್ ಎಂಬ ಇನ್ನೊಂದು ಜಾಡಿನಲ್ಲಿ ಸವಾರರು ಅಂಚಿನಿಂದ ಬಿದ್ದು ಸತ್ತಿದ್ದಾರೆ. ಅಲ್ಲಿ ಇಳಿದು ನಡೆಯಿರಿ ಎಂದು ಫಲಕವನ್ನೇ ಹಾಕಲಾಗಿದೆ.

ನಿಮಗೆ ಎರಡು ವರ್ಷದ ಅನುಭವವಿರುವುದರಿಂದ ಮೊದಲು ಪೋರ್ಕ್ಯುಪೈನ್ ರಿಮ್ ಒಂದನ್ನೇ ಮಾಡಿ ನೋಡಿ. ಬಾಡಿಗೆಗೆ ಕೇಳುವಾಗ ಮುಂದೂ ಹಿಂದೂ ಸಸ್ಪೆನ್ಷನ್ ಇರುವ, ಸುಮಾರು 150 ಮಿಲಿಮೀಟರ್ ಅದುಮಿಕೊಳ್ಳುವ ಸೈಕಲ್ಲನ್ನೇ ಕೇಳಿ. ಮೊಬೈಲ್ ಸಿಗ್ನಲ್ ಬಹುತೇಕ ಇರುವುದಿಲ್ಲ, ಆದ್ದರಿಂದ ಗುಂಪಿನಲ್ಲಿ ಒಬ್ಬರ ಬಳಿಯಾದರೂ ಉಪಗ್ರಹ ಸಂದೇಶ ಸಾಧನವಿರಲಿ. ಯೂಟಾದಲ್ಲಿ ಅತಿ ಹೆಚ್ಚು ಕರೆಗಳಿಗೆ ಓಡಾಡುವ ರಕ್ಷಣಾ ತಂಡಗಳಲ್ಲಿ ಮೋವಾಬ್ ಇರುವ ಗ್ರ್ಯಾಂಡ್ ಕೌಂಟಿಯ ತಂಡವೂ ಒಂದು.

ಪ್ರಶ್ನೆ: ಮರುಭೂಮಿಯ ಬರಿ ಮರಳಿನ ಮೇಲೆ ಜಾಡು ಬಿಟ್ಟು ನಾಲ್ಕು ಅಡಿ ಪಕ್ಕಕ್ಕೆ ಹೋದರೆ ಏನು ನಷ್ಟ? ಅಲ್ಲಿ ಬೆಳೆಯೂ ಇಲ್ಲ, ಕಾಡೂ ಇಲ್ಲ. — ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಅದು ಬರಿ ಮರಳಲ್ಲ ಎಂಬುದೇ ಉತ್ತರ. ಜಾಡಿನ ಪಕ್ಕದಲ್ಲಿ ಕಪ್ಪಗೆ, ಗಂಟುಗಂಟಾಗಿ ಕಾಣುವ ನೆಲವನ್ನು ಬಗ್ಗಿ ನೋಡಿದರೆ ಅದೊಂದು ಜೀವಂತ ಹೊದಿಕೆ ಎಂದು ತಿಳಿಯುತ್ತದೆ. ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿಯ ಗುಂಪಿನ ಸೂಕ್ಷ್ಮಜೀವಿಗಳು ಅಂಟಿನ ಎಳೆಗಳಿಂದ ಮರಳಿನ ಕಣಗಳನ್ನು ಹೆಣೆಯುತ್ತವೆ. ಅವುಗಳ ಜೊತೆಗೆ ಕಲ್ಲುಹೂವು ಮತ್ತು ಹಾವಸೆಗಳು ಸೇರಿಕೊಳ್ಳುತ್ತವೆ. ಈ ಹೊದಿಕೆ ಗಾಳಿಗೆ ಮರಳು ಹಾರದಂತೆ ತಡೆಯುತ್ತದೆ, ಅಪರೂಪದ ಮಳೆಯ ನೀರನ್ನು ಹೀರಿಟ್ಟುಕೊಳ್ಳುತ್ತದೆ, ಗಾಳಿಯಲ್ಲಿನ ಸಾರಜನಕವನ್ನು ಗಿಡಗಳಿಗೆ ಒದಗಿಸುತ್ತದೆ. ಒಂದು ಸೈಕಲ್ ಚಕ್ರ ಹಾದುಹೋದರೆ ಸಾಕು, ಅದು ಪುಡಿಯಾಗುತ್ತದೆ. ಮತ್ತೆ ಮೊದಲಿನಂತಾಗಲು ದಶಕಗಳು ಬೇಕು. ಚಕ್ರದ ಗೆರೆಯು ಇಳಿಜಾರಿನಲ್ಲಿದ್ದರೆ ಮುಂದಿನ ಮಳೆಯಲ್ಲಿ ಅದೇ ಕೊರಕಲಾಗುತ್ತದೆ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಹೊದಿಕೆ ಕಳೆದುಕೊಂಡ ನೆಲದ ಕೆಂಪು ಧೂಳು ವಸಂತದ ಗಾಳಿಯಲ್ಲಿ ಪೂರ್ವಕ್ಕೆ ಹಾರಿ ರಾಕಿ ಪರ್ವತಗಳ ಹಿಮದ ಮೇಲೆ ಕೂರುತ್ತದೆ. ಮಸುಕಾದ ಹಿಮವು ಹೆಚ್ಚು ಬಿಸಿಲನ್ನು ಹೀರಿ ಕಾಲಕ್ಕೆ ಮುಂಚೆ ಕರಗುತ್ತದೆ. ಕೊಲೊರಾಡೊ ನದಿಗೆ ನೀರೊದಗಿಸುವುದು ಆ ಹಿಮವೇ. ದನಕರುಗಳ ಮೇವು, ಗಣಿ, ವಾಹನಗಳು ಈ ಧೂಳಿಗೆ ಸೈಕಲ್ಲಿಗಿಂತ ಬಹಳ ದೊಡ್ಡ ಕಾರಣ ಎಂಬುದು ನಿಜವಾದರೂ, ನಮ್ಮ ಪಾಲು ಚಿಕ್ಕದು ಎಂಬುದು ನೆಪವಾಗುವುದಿಲ್ಲ.

ಬಂಡೆಯ ಗುಂಡಿಗಳಲ್ಲಿ ನಿಂತ ಮಳೆನೀರಿನಲ್ಲೂ ಸೈಕಲ್ ಹಾಯಿಸಬಾರದು. ಅವುಗಳಲ್ಲಿ ಸೀಗಡಿಯ ಜಾತಿಯ ಪುಟ್ಟ ಜೀವಿಗಳಿರುತ್ತವೆ. ಅವುಗಳ ಮೊಟ್ಟೆಗಳು ವರ್ಷಗಟ್ಟಲೆ ಒಣಗಿದ್ದು ಮಳೆ ಬಿದ್ದಾಗ ಒಡೆಯುತ್ತವೆ.

ಪ್ರಶ್ನೆ: ಮೋವಾಬ್‌ಗಿಂತ ಎಷ್ಟೋ ದೊಡ್ಡದಾದ ಗ್ರ್ಯಾಂಡ್ ಕ್ಯಾನ್ಯನ್ ಒಳಕ್ಕೆ ಸೈಕಲ್ಲಿನಲ್ಲಿ ಇಳಿಯಲು ಏಕೆ ಬಿಡುವುದಿಲ್ಲ? ಹೇಸರಗತ್ತೆಗಳಿಗೆ ಇರುವ ಹಕ್ಕು ಸೈಕಲ್ಲಿಗೆ ಇಲ್ಲವೆ? — ಓದುಗರು, ಮೈಸೂರು

ಉತ್ತರ: ಇಲ್ಲ. 1964ರ ವನ್ಯಪ್ರದೇಶ ಕಾಯ್ದೆಯು ಅಂಥ ಪ್ರದೇಶಗಳಲ್ಲಿ ಮೋಟಾರು ವಾಹನಗಳನ್ನಷ್ಟೇ ಅಲ್ಲ, ಯಾವುದೇ ಯಾಂತ್ರಿಕ ಸಾಗಣೆಯನ್ನು ನಿಷೇಧಿಸುತ್ತದೆ. ಸೈಕಲ್ಲು ಅದರೊಳಗೆ ಬರುತ್ತದೆ, ಪ್ರಾಣಿ ಬರುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಉದ್ಯಾನದ ಒಳನಾಡಿನ ಬಹುಭಾಗವನ್ನು ಘೋಷಣೆಗೆ ಪ್ರಸ್ತಾಪಿಸಿದ ವನ್ಯಪ್ರದೇಶವೆಂದು ನಿರ್ವಹಿಸಲಾಗುತ್ತಿದ್ದು, ಅಂಚಿನಿಂದ ಕೆಳಗಿನ ಯಾವ ಜಾಡಿನಲ್ಲೂ ಸೈಕಲ್ಲಿಗೆ ಅನುಮತಿಯಿಲ್ಲ. ನಮಗೆ ಈ ನಿಯಮ ಸರಿಯೆನಿಸುತ್ತದೆ. ಕಾಯ್ದೆಗಿಂತ ಹೆಚ್ಚಾಗಿ, ಆ ಇಕ್ಕಟ್ಟಾದ ಅಂಕುಡೊಂಕಿನ ಇಳಿಜಾರಿನಲ್ಲಿ ಹೇಸರಗತ್ತೆಯ ಸಾಲಿಗೆ ಎದುರಾಗಿ ಸೈಕಲ್ಲು ಬಂದರೆ ಯಾರಿಗೂ ಒಳ್ಳೆಯದಾಗುವುದಿಲ್ಲ.

ಆದರೂ ಸೈಕಲ್ಲಿನೊಂದಿಗೆ ಈ ಕಮರಿಯನ್ನು ದಾಟುವವರಿದ್ದಾರೆ. ಮೆಕ್ಸಿಕೊ ಗಡಿಯಿಂದ ಯೂಟಾ ಗಡಿಯವರೆಗೆ ಸುಮಾರು 1,300 ಕಿಲೋಮೀಟರ್ ಉದ್ದದ ಅರಿಜೋನ ಟ್ರೇಲ್ ಈ ಕಮರಿಯ ಮೂಲಕವೇ ಹೋಗುತ್ತದೆ. ಅದನ್ನು ಸೈಕಲ್ಲಿನಲ್ಲಿ ಕ್ರಮಿಸುವವರು ದಕ್ಷಿಣದ ಅಂಚಿಗೆ ಬಂದಾಗ ಚಕ್ರಗಳನ್ನು ಬಿಚ್ಚಿ, ಸೈಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು, ಚಕ್ರ ನೆಲಕ್ಕೆ ತಾಗದಂತೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಉತ್ತರದ ಅಂಚನ್ನು ಏರುತ್ತಾರೆ. ಅಷ್ಟು ಹಠವಿಲ್ಲದವರಿಗೆ ಉತ್ತರದ ಅಂಚಿನಲ್ಲಿ, ಉದ್ಯಾನದ ಗಡಿಯ ಹೊರಗಿನ ಕೈಬಾಬ್ ಅರಣ್ಯದಲ್ಲಿ ರೇನ್‌ಬೋ ರಿಮ್ ಎಂಬ ಜಾಡಿದೆ. ಪಾಂಡರೋಸ ಪೈನ್ ಮರಗಳ ನಡುವೆ ಸುಮಾರು 2,300 ಮೀಟರ್ ಎತ್ತರದಲ್ಲಿ ಸಾಗುತ್ತ, ಕಮರಿಯ ಕಡೆಗೆ ಚಾಚಿದ ಐದು ಮೂಲೆಗಳನ್ನು ಅದು ಜೋಡಿಸುತ್ತದೆ. ಇದು ನೆತ್ತಿಯ ಮೇಲೆಯೇ ಸಾಗುವ ಸವಾರಿ, ಕೆಳಕ್ಕೆ ಇಳಿಯುವುದಿಲ್ಲ.

ಪ್ರಶ್ನೆ: ತುಂಗಭದ್ರೆಯ ದಂಡೆಯ ನಮ್ಮ ಬಂಡೆಗಳ ಮೇಲೆ ಸ್ಲಿಕ್‌ರಾಕ್‌ನಂಥ ಜಾಡು ಮಾಡಲು ಸಾಧ್ಯವಿಲ್ಲವೆ? — ಓದುಗರು, ಹೊಸಪೇಟೆ

ಉತ್ತರ: ನಮ್ಮದು ಗ್ರಾನೈಟ್, ಅದು ಬಿಡಿ ಬಿಡಿ ಗುಂಡುಗಳಾಗಿ ಒಡೆಯುತ್ತದೆ, ಕಿಲೋಮೀಟರುಗಟ್ಟಲೆ ಎಡೆಬಿಡದ ಬಂಡೆ ಸಿಗುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ನೆಲ ಯಾರದ್ದೆಂಬುದು. ಮೋವಾಬ್ ಸುತ್ತಲಿನ ಹೆಚ್ಚಿನ ನೆಲ ಒಕ್ಕೂಟ ಸರ್ಕಾರದ ಸಾರ್ವಜನಿಕ ಭೂಮಿ, ಅಲ್ಲಿ ಸವಾರಿಯೂ ಒಂದು ಅಂಗೀಕೃತ ಬಳಕೆ. ಹಂಪಿಯ ಸುತ್ತ ಸ್ಮಾರಕಗಳ ರಕ್ಷಣೆಯ ನಿಯಮಗಳಿವೆ, ಪಕ್ಕದಲ್ಲೇ ದರೋಜಿ ಕರಡಿಧಾಮವಿದೆ. ಕಮರಿಯ ಹೋಲಿಕೆ ಹೆಚ್ಚಿರುವ ಮೇಕೆದಾಟು ಕಾವೇರಿ ವನ್ಯಜೀವಿಧಾಮದೊಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಲ್ಲಿ ಕಾಡಿನ ದಾರಿಗೆ ಇಳಿಯುವಂತಿಲ್ಲ. ಊರುಗಳ ನಡುವಿನ ಗಾಡಿದಾರಿಗಳೇ ಸದ್ಯಕ್ಕೆ ನಿಮಗೆ ತಕ್ಕ ಜಾಡು, ಅವು ಕೆಟ್ಟದ್ದೇನೂ ಅಲ್ಲ.

ಪ್ರಶ್ನೆ: ಅಲ್ಲಿನ ಮುಳ್ಳಿಗೆ ಟಯರು ತಡೆಯುವುದಿಲ್ಲ ಎಂದು ಕೇಳಿದ್ದೇನೆ. ಯಾವ ಮುಳ್ಳು ಅದು? ಪರಿಹಾರವೇನು? — ಓದುಗರು, ವಿಜಯಪುರ

ಉತ್ತರ: ನಿಮ್ಮ ಹೊಲದ ಬದುವಿನಲ್ಲೇ ಇರುವ ನೆಗ್ಗಿಲು ಮುಳ್ಳು. ಅಲ್ಲಿಯವರು ಅದನ್ನು ಗೋಟ್‌ಹೆಡ್ ಎನ್ನುತ್ತಾರೆ. ಅಮೆರಿಕಕ್ಕೆ ಅದು ಹೊರಗಿನಿಂದ ಹೋಗಿ ಸೇರಿದ ಕಳೆ. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಬಂಡೆಯ ಮೇಲೆ ಅದರ ಕಾಟವಿಲ್ಲ, ವಾಹನ ನಿಲ್ಲಿಸುವ ಬಯಲು ಮತ್ತು ರಸ್ತೆಯ ಅಂಚುಗಳಲ್ಲಿ ಹೆಚ್ಚು. ಅಲ್ಲಿ ಸೈಕಲ್ಲನ್ನು ಉರುಳಿಸದೆ ಎತ್ತಿಕೊಂಡು ಹೋಗುವವರು ಜಾಣರು. ಒಳಗೆ ಟ್ಯೂಬಿಲ್ಲದ ಟಯರಿಗೆ ರಬ್ಬರ್ ಹಾಲಿನಂಥ ಸೀಲಂಟ್ ದ್ರವವನ್ನು ಹಾಕಿಸಿದ್ದರೆ, ಮುಳ್ಳನ್ನು ಕಿತ್ತು ತೂತು ಕೆಳಗೆ ಬರುವಂತೆ ಚಕ್ರವನ್ನು ತಿರುಗಿಸಿ ಹಿಡಿದಾಗ ದ್ರವವು ಒಸರಿ ಗಟ್ಟಿಯಾಗಿ ತೂತು ಮುಚ್ಚುತ್ತದೆ. ಒಣ ಹವೆಯಲ್ಲಿ ಈ ದ್ರವ ಬೇಗ ಆರುವುದರಿಂದ ಬಾಡಿಗೆ ಸೈಕಲ್ಲು ತೆಗೆದುಕೊಳ್ಳುವಾಗ ಚಕ್ರವನ್ನು ಅಲುಗಿಸಿ, ಒಳಗೆ ದ್ರವ ಕುಲುಕುವ ಸದ್ದು ಕೇಳಿಸುತ್ತದೆಯೇ ನೋಡಿ. ಚೂಪುಗಲ್ಲಿಗೆ ಟಯರಿನ ಪಕ್ಕ ಹರಿದರೆ ಸೀಲಂಟ್ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಒಂದು ಟ್ಯೂಬು, ಪಂಪು ಮತ್ತು ಹರುಕಿಗೆ ಒಳಗಿನಿಂದ ಒತ್ತುಕೊಡಲು ಹಳೆಯ ಟಯರಿನ ತುಂಡು ಚೀಲದಲ್ಲಿರಲಿ. ಟ್ಯೂಬು ಹಾಕುವ ಮೊದಲು ಟಯರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಿ. ಸೀಲಂಟ್ ಮುಚ್ಚಿಟ್ಟಿದ್ದ ಹಳೆಯ ಮುಳ್ಳುಗಳ ಮೊನೆಗಳು ಅಲ್ಲಿ ಉಳಿದಿದ್ದು, ಬರಿಗೈಯಲ್ಲಿ ಸವರಿದರೆ ಬೆರಳಿಗೆ ಚುಚ್ಚುತ್ತವೆ, ನೋಡದೆ ಹಾಕಿದರೆ ಹೊಸ ಟ್ಯೂಬಿಗೆ ಚುಚ್ಚುತ್ತವೆ.